ಜಪಾನಿಗೆ ಹೊರಟಿದ್ದೀರಾ? ಟಿಕೆಟ್‌ಗಿಂತ ಮೊದಲು ರೂಮಿನ ವಿಚಾರ ತಿಳಿದುಕೊಳ್ಳಿ

ಜಪಾನ್ ವೀಸಾಕ್ಕೆ ಅರ್ಜಿ ಹಾಕುವಾಗ ಒಂದು ಪಟ್ಟಿ ಕೊಡಬೇಕು. ಯಾವ ದಿನ ಯಾವ ಊರಲ್ಲಿ ಇರ್ತೀರಿ, ರಾತ್ರಿ ಎಲ್ಲಿ ಉಳಿಯುತ್ತೀರಿ, ಆ ಜಾಗದ ವಿಳಾಸ, ಫೋನ್ ನಂಬರ್ ಎಲ್ಲ ಅದರಲ್ಲಿ ಬರೆಯಬೇಕು. ಹಾಗಾಗಿ "ಅಲ್ಲಿಗೆ ಹೋದ ಮೇಲೆ ನೋಡಿಕೊಂಡರಾಯಿತು" ಅನ್ನೋದು ಇಲ್ಲಿ ನಡೆಯಲ್ಲ.

ಈಗೀಗ ಈ ಪಟ್ಟಿ ತುಂಬುವವರೂ ಜಾಸ್ತಿ ಆಗಿದ್ದಾರೆ. ಬೆಂಗಳೂರಿನಿಂದ ಟೋಕಿಯೊ ಹತ್ತಿರದ ನರಿತಾಗೆ ನೇರ ವಿಮಾನ ಇದೆ. ಯೆನ್ ಬೆಲೆ ಇಳಿದು, ಈಚಿನ ವರ್ಷಗಳಲ್ಲಿ 100 ಯೆನ್ ಅಂದರೆ 55ರಿಂದ 60 ರೂಪಾಯಿ ಆಸುಪಾಸಿನಲ್ಲಿ ಓಡಾಡುತ್ತಿದೆ. 2024ರಲ್ಲಿ ಭಾರತದಿಂದ ಜಪಾನಿಗೆ ಹೋದವರ ಸಂಖ್ಯೆ 2 ಲಕ್ಷ ದಾಟಿತು. ಆದರೆ ಬುಕಿಂಗ್ ಆ್ಯಪ್ ತೆರೆದ ಕೂಡಲೇ ತಲೆ ಕೆಡುತ್ತದೆ: ಬಿಸಿನೆಸ್ ಹೋಟೆಲ್, ರ್ಯೋಕಾನ್, ಮಿನ್ಶುಕು, ಶುಕುಬೋ, ಮಿನ್ಪಾಕು, ಕ್ಯಾಪ್ಸೂಲ್. ಏನಿವೆಲ್ಲ?

ಹೆಚ್ಚಿನವರು ಕಡಿಮೆ ಬೆಲೆಯದನ್ನು ಮೇಲೆ ತೋರಿಸುವ ಹಾಗೆ ಮಾಡಿಕೊಂಡು, ಫೋಟೋ ಚೆನ್ನಾಗಿರೋದನ್ನು ಒತ್ತಿಬಿಡುತ್ತಾರೆ. ಜಪಾನಿನಲ್ಲಿ ಇದು ಕೈಕೊಡುತ್ತದೆ. ಯಾಕೆಂದರೆ ಅಲ್ಲಿ ಯಾವ ಬಗೆಯ ಜಾಗ ಅನ್ನೋದರ ಮೇಲೆ ನಿಮ್ಮ ಊಟ, ಸ್ನಾನ, ಸಂಜೆ ಎಷ್ಟು ಹೊತ್ತಿಗೆ ಒಳಗಿರಬೇಕು, ಒಂದು ಕೋಣೆಯಲ್ಲಿ ಎಷ್ಟು ಜನ ಇರಬಹುದು ಎಲ್ಲವೂ ನಿಂತಿರುತ್ತದೆ. ಮಂಚ ಒಂದು ಸಿಕ್ಕರೆ ಸಾಕು ಅಂದುಕೊಂಡು ಹೋದವರಿಗೆ ಇವು ಒಂದೊಂದಾಗಿ ಎದುರಾಗುತ್ತವೆ.

## ರೂಮಿನ ಲೆಕ್ಕವೋ, ತಲೆ ಲೆಕ್ಕವೋ

ಮೊದಲು ಇದು ಬಗೆಹರಿಯಬೇಕು. ನಮ್ಮಲ್ಲಿ ಹೋಟೆಲ್ ಅಂದರೆ ರೂಮಿಗೆ ಇಷ್ಟು ದುಡ್ಡು. ಇಬ್ಬರ ರೂಮಿನಲ್ಲಿ ಅಜ್ಜಿಗೊಂದು ಹೆಚ್ಚುವರಿ ಹಾಸಿಗೆ ಹಾಕಿಸಿಕೊಂಡು, ಮಕ್ಕಳನ್ನು ಮಧ್ಯದಲ್ಲಿ ಮಲಗಿಸಿ, ನಾಲ್ಕೈದು ಜನ ಸುಧಾರಿಸಿಕೊಳ್ಳುತ್ತೇವೆ. ಯಾರೂ ಕೇಳಲ್ಲ.

ಜಪಾನಿನಲ್ಲಿ ಎಷ್ಟು ಜನ ಅಂತ ಬುಕ್ ಮಾಡುವಾಗಲೇ ಹೇಳಬೇಕು, ಜನ ಜಾಸ್ತಿ ಆದರೆ ಬೆಲೆಯೂ ಸಾಮಾನ್ಯವಾಗಿ ಜಾಸ್ತಿ. ಇಬ್ಬರ ರೂಮಿಗೆ ಮೂರನೆಯವರು ಬಂದರೆ ರಿಸೆಪ್ಷನ್‌ನಲ್ಲಿ ನಿಲ್ಲಿಸುತ್ತಾರೆ, ಏಕೆಂದರೆ ಉಳಿಯುವ ಪ್ರತಿಯೊಬ್ಬರ ವಿವರ ಅವರು ಬರೆದಿಟ್ಟುಕೊಳ್ಳಬೇಕು. ಹೊರದೇಶದವರಾದರೆ ಪಾಸ್‌ಪೋರ್ಟ್ ತೋರಿಸಬೇಕು, ಅದರ ನಕಲು ತೆಗೆದಿಟ್ಟುಕೊಳ್ಳುತ್ತಾರೆ. ಸಣ್ಣ ಮಕ್ಕಳು ಅಪ್ಪ ಅಮ್ಮನ ಹಾಸಿಗೆಯಲ್ಲೇ ಮಲಗುವುದಾದರೆ ಬಹಳಷ್ಟು ಹೋಟೆಲುಗಳಲ್ಲಿ ದುಡ್ಡಿಲ್ಲ. ಆದರೆ ಎಷ್ಟು ವರ್ಷದವರೆಗೆ ಅನ್ನೋದು ಹೋಟೆಲಿನಿಂದ ಹೋಟೆಲಿಗೆ ಬೇರೆ. ಮಗುವಿನ ವಯಸ್ಸು ಸರಿಯಾಗಿ ಹಾಕಿ ಹುಡುಕಿ, ಆಮೇಲೆ ರಗಳೆ ಬೇಡ.

ಊಟ ಕೊಡುವ ಜಾಗಗಳಲ್ಲಂತೂ ಪೂರ್ತಿ ತಲೆ ಲೆಕ್ಕವೇ. 18,000 ಯೆನ್ ಅಂತ ಬರೆದಿದ್ದರೆ ಅದು ಕೋಣೆಗಲ್ಲ, ಒಬ್ಬರಿಗೆ ಇರಬಹುದು. ಇಬ್ಬರಿಗೆ 36,000.

## ಬಿಸಿನೆಸ್ ಹೋಟೆಲ್: ಹೆಸರು ನೋಡಿ ಹೆದರಬೇಡಿ

ಹೆಸರು ಕೇಳಿದರೆ ಸೂಟು ಬೂಟಿನವರ ದುಬಾರಿ ಜಾಗ ಅನಿಸುತ್ತದೆ. ವಿಷಯ ಉಲ್ಟಾ. ಕಂಪನಿ ಕೆಲಸಕ್ಕೆ ಊರೂರು ತಿರುಗುವ ನೌಕರರು ಒಂದು ರಾತ್ರಿ ಮಲಗಿ ಎದ್ದು ಹೋಗಲಿ ಅಂತ ಮಾಡಿದ ಕಡಿಮೆ ಖರ್ಚಿನ ಹೋಟೆಲ್ ಇದು. ಟೊಯೊಕೊ ಇನ್, ಅಪಾ, ಡಾರ್ಮಿ ಇನ್, ರೂಟ್ ಇನ್ ಅಂತ ಸರಣಿ ಹೋಟೆಲುಗಳು ದೇಶದ ತುಂಬ ಇವೆ, ಹೆಚ್ಚಿನವು ರೈಲ್ವೆ ಸ್ಟೇಷನ್ ಹತ್ತಿರವೇ. ಮಾಮೂಲಿ ದಿನಗಳಲ್ಲಿ ಇಬ್ಬರಿಗೆ ಸುಮಾರು 8,000ದಿಂದ 15,000 ಯೆನ್ ಒಳಗೆ ಸಿಗುತ್ತದೆ. ಶನಿವಾರ ರಾತ್ರಿ ಏರುತ್ತದೆ.

ಕೋಣೆ ಮಾತ್ರ ತುಂಬಾ ಚಿಕ್ಕದು. 11ರಿಂದ 15 ಚದರ ಮೀಟರ್, ಅಂದರೆ 120ರಿಂದ 160 ಚದರ ಅಡಿ, ಬಚ್ಚಲೂ ಸೇರಿ. ಎರಡು ದೊಡ್ಡ ಸೂಟ್‌ಕೇಸ್ ಒಟ್ಟಿಗೆ ಬಿಚ್ಚಿಡಲು ನೆಲ ಸಾಲಲ್ಲ. "ಸೆಮಿ ಡಬಲ್" ಅಂತ ಕಂಡರೆ ಸ್ವಲ್ಪ ತಡೆಯಿರಿ, ಆ ಹಾಸಿಗೆ 120ರಿಂದ 140 ಸೆಂಟಿಮೀಟರ್ ಅಗಲ ಅಷ್ಟೆ. ಇಬ್ಬರು ಮಲಗಬಹುದು ಅಂತ ಬರೆದಿರುತ್ತದೆ, ಮಲಗಲೂಬಹುದು, ನಿದ್ದೆ ಬರುತ್ತದಾ ಅನ್ನೋದು ಬೇರೆ ಪ್ರಶ್ನೆ. "ಟ್ವಿನ್" ಅಂದರೆ ಎರಡು ಬೇರೆ ಬೇರೆ ಮಂಚ. ನನ್ನನ್ನು ಕೇಳಿದರೆ ಅದೇ ವಾಸಿ.

ಬಚ್ಚಲು ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿರುತ್ತದೆ. 1964ರ ಟೋಕಿಯೊ ಒಲಿಂಪಿಕ್ಸ್‌ಗೆ ಮುಂಚೆ ಒಂದು ದೊಡ್ಡ ಹೋಟೆಲನ್ನು ಬೇಗ ಕಟ್ಟಿ ಮುಗಿಸಬೇಕಾಗಿತ್ತು. ಆಗ ಬಚ್ಚಲುಮನೆಯನ್ನು ಕಾರ್ಖಾನೆಯಲ್ಲೇ ತಯಾರಿಸಿ ತಂದು ಜೋಡಿಸುವ ಕ್ರಮ ಶುರುವಾಯಿತು. ಅದೇ ಇವತ್ತಿಗೂ ನಡೆದಿದೆ. ಇನ್ನೊಂದು ಸಮಾಧಾನದ ವಿಷಯ: ಕಮೋಡಿನಲ್ಲೇ ನೀರು ಚಿಮ್ಮುವ ವ್ಯವಸ್ಥೆ ಹೆಚ್ಚಿನ ಕಡೆ ಇರುತ್ತದೆ. ಯುರೋಪಿಗೆ ಹೋದ ನಮ್ಮವರ ದೊಡ್ಡ ಚಿಂತೆ ಇಲ್ಲಿಲ್ಲ.

ಬುಕ್ ಮಾಡುವಾಗ ಧೂಮಪಾನ ಇಲ್ಲದ ಕೋಣೆ ಹೌದಾ ಅಂತ ನೋಡಿ. ಸಿಗರೇಟು ಸೇದುವವರ ಕೋಣೆಗಳೂ ಅಲ್ಲಿ ಇನ್ನೂ ಇವೆ, ಕೆಲವೊಮ್ಮೆ ಸ್ವಲ್ಪ ಅಗ್ಗಕ್ಕೆ ಸಿಗೋದು ಅದೇ ಕಾರಣಕ್ಕೆ. ಮಧ್ಯಾಹ್ನ 3ಕ್ಕೆ ಮುಂಚೆ ಕೋಣೆ ಕೊಡಲ್ಲ, ಬೆಳಿಗ್ಗೆ 10 ಅಥವಾ 11ಕ್ಕೆ ಖಾಲಿ ಮಾಡಬೇಕು. ಲಗೇಜು ಮಾತ್ರ ಮೊದಲೇ ಇಟ್ಟುಕೊಳ್ಳುತ್ತಾರೆ.

## ರ್ಯೋಕಾನ್: ಅಲ್ಲಿ ಮಲಗೋದಕ್ಕಿಂತ ಊಟ, ಸ್ನಾನ ಮುಖ್ಯ

ರ್ಯೋಕಾನ್ ಅಂದರೆ ಜಪಾನಿನ ಹಳೆಯ ಪದ್ಧತಿಯ ತಂಗುಮನೆ. ಎಷ್ಟು ಹಳೆಯದು ಅಂದರೆ, ಯಮನಾಶಿ ಪ್ರಾಂತದ ಕೇಯುನ್‌ಕಾನ್ ಅನ್ನೋ ರ್ಯೋಕಾನ್ ಶುರುವಾಗಿದ್ದು 705ರಲ್ಲಿ ಅಂತ ಲೆಕ್ಕ, ಜಗತ್ತಿನ ಅತಿ ಹಳೆಯ ಹೋಟೆಲ್ ಅಂತ ಗಿನ್ನೆಸ್ ದಾಖಲೆಯೂ ಅದರ ಹೆಸರಲ್ಲಿದೆ. ನಮ್ಮ ಬಾದಾಮಿಯಲ್ಲಿ ಆಗ ಚಾಲುಕ್ಯರು ಆಳುತ್ತಿದ್ದರು.

ಕೋಣೆಯಲ್ಲಿ ಮಂಚ ಇರಲ್ಲ. ನೆಲಕ್ಕೆ ತತಾಮಿ ಅನ್ನೋ ದಪ್ಪ ಹುಲ್ಲಿನ ಚಾಪೆ ಹಾಸಿರುತ್ತಾರೆ. ಹಗಲು ಅಲ್ಲೊಂದು ಗಿಡ್ಡ ಮೇಜು. ನೀವು ಊಟಕ್ಕೆ ಹೋದಾಗ ಸಿಬ್ಬಂದಿ ಬಂದು ಮೇಜು ಸರಿಸಿ ಹಾಸಿಗೆ ಬಿಡಿಸಿ ಹೋಗುತ್ತಾರೆ. ಉಡಲು ಯುಕಾತಾ ಅನ್ನೋ ತೆಳು ಹತ್ತಿಯ ನಿಲುವಂಗಿ ಕೊಡುತ್ತಾರೆ. ಎಡಭಾಗ ಬಲಭಾಗದ ಮೇಲೆ ಬರೋ ಹಾಗೆ ಸುತ್ತಿಕೊಳ್ಳಬೇಕು, ತಿರುಗುಮುರುಗಾಗಿ ಉಡಿಸೋದು ಹೆಣಕ್ಕೆ.

ಬೆಲೆ ಒಬ್ಬರಿಗೆ 15,000ದಿಂದ 30,000 ಯೆನ್ ಸಾಮಾನ್ಯ, ಮೇಲಕ್ಕೆ ಮಿತಿಯಿಲ್ಲ. ಇಷ್ಟು ಯಾಕೆ ಅಂದರೆ ರಾತ್ರಿ ಊಟ, ಬೆಳಗಿನ ತಿಂಡಿ ಎರಡೂ ಸೇರಿರುತ್ತವೆ. ರಾತ್ರಿಯದು ಹತ್ತು ಹನ್ನೆರಡು ಪುಟ್ಟ ಪುಟ್ಟ ಬಟ್ಟಲುಗಳಲ್ಲಿ ಒಂದರ ಹಿಂದೊಂದು ಬರುವ ಊಟ. ಮದುವೆ ಮನೆಯಲ್ಲಿ ಎಲೆ ಲೆಕ್ಕ ಹಾಕಿ ಅಡುಗೆ ಮಾಡಿಸಿದ ಹಾಗೆ, ಇಲ್ಲೂ ನೀವು ಬರುತ್ತೀರಿ ಅಂತ ನಿಮ್ಮ ಹೆಸರಿಗೇ ಮೀನು, ತರಕಾರಿ ತರಿಸಿರುತ್ತಾರೆ. ಆ ದಿನ ಬೆಳಿಗ್ಗೆ "ಬರಲ್ಲ" ಅಂದರೆ ಬಹುಪಾಲು ಅಥವಾ ಪೂರ್ತಿ ದುಡ್ಡು ಹೋಗೋದು ಈ ಕಾರಣಕ್ಕೇ. ಊಟ ಸಂಜೆ 6ರಿಂದ 7ರ ನಡುವೆ ಶುರು, ಹಾಗಾಗಿ 5 ಗಂಟೆಗಾದರೂ ಅಲ್ಲಿರಬೇಕು. ಇಡೀ ದಿನ ಊರು ಸುತ್ತಿ ರಾತ್ರಿ 10ಕ್ಕೆ ಬಂದು ಬೀಳುವ ಯೋಚನೆ ಇದ್ದರೆ ರ್ಯೋಕಾನ್ ಸುಮ್ನೆ ದಂಡ.

ಇನ್ನು ಸ್ನಾನ. ಹಾಕೊನೆ, ಕಿನೊಸಾಕಿ, ಬೆಪ್ಪು ಇಂಥ ಊರುಗಳಲ್ಲಿ ಭೂಮಿಯೊಳಗಿಂದ ಬರುವ ಬಿಸಿನೀರನ್ನು ರ್ಯೋಕಾನಿನ ಕೊಳಕ್ಕೆ ಹರಿಸುತ್ತಾರೆ. ಇದೇ ಆನ್ಸೆನ್. ಗಂಡಸರಿಗೆ ಹೆಂಗಸರಿಗೆ ಬೇರೆ ಬೇರೆ, ಆದರೆ ಒಳಗೆ ಎಲ್ಲರೂ ಬೆತ್ತಲೆ. ಈಜುಡುಗೆ ಹಾಕುವ ಹಾಗಿಲ್ಲ. ಮೊದಲು ಹೊರಗೆ ಕೂತು ಸೋಪು ಹಚ್ಚಿ ಪೂರ್ತಿ ತೊಳೆದುಕೊಂಡು, ಆಮೇಲೆ ಕೊಳಕ್ಕೆ ಇಳಿಯಬೇಕು. ಕೊಳ ಇರೋದು ಕೊಳೆ ತೊಳೆಯೋದಕ್ಕಲ್ಲ, ಮೈ ಕಾಯಿಸೋದಕ್ಕೆ. ಮೈಮೇಲೆ ಹಚ್ಚೆ ಇದ್ದರೆ ಹಲವು ಕಡೆ ಬಿಡಲ್ಲ. ನಮ್ಮಲ್ಲಿ ಕೈಮೇಲೆ ಹಚ್ಚೆ ಇರುವ ಅಜ್ಜಿಯಂದಿರು ಬೇಕಾದಷ್ಟು, ಹಾಗಾಗಿ ಮೊದಲೇ ಕೇಳಿಕೊಂಡರೆ ಒಳ್ಳೆಯದು. ಕಿನೊಸಾಕಿಯ ಸಾರ್ವಜನಿಕ ಸ್ನಾನದ ಮನೆಗಳಲ್ಲಿ ಹಚ್ಚೆಗೆ ಅಡ್ಡಿಯಿಲ್ಲ.

ಬೆತ್ತಲೆ ಸ್ನಾನ ಆಗಲ್ಲಪ್ಪ ಅನ್ನುವವರಿಗೂ ದಾರಿ ಇದೆ. ಒಂದು ಗಂಟೆ ನಿಮ್ಮ ಮನೆಯವರಿಗೆ ಮಾತ್ರ ಬಾಡಿಗೆಗೆ ಕೊಡುವ ಕೊಳ ಹಲವು ರ್ಯೋಕಾನ್‌ಗಳಲ್ಲಿ ಇರುತ್ತದೆ, ಅದಕ್ಕೆ ಕಾಶಿಕಿರಿ ಅನ್ನುತ್ತಾರೆ. ದುಬಾರಿ ಕೋಣೆಗಳಿಗೆ ಸ್ವಂತ ಬಿಸಿನೀರ ತೊಟ್ಟಿಯೇ ಇರುತ್ತದೆ. ಮಂಡಿನೋವಿನ ಹಿರಿಯರು ಜೊತೆಗಿದ್ದರೆ ತತಾಮಿಯ ಜೊತೆ ಮಂಚವೂ ಇರುವ ಕೋಣೆ ಕೇಳಿ. ನೆಲದಿಂದ ಏಳೋದು ಅವರಿಗೆ ನಿಜಕ್ಕೂ ಶಿಕ್ಷೆ.

ಇದೇ ತರಹದ ಆದರೆ ಸಾದಾ ಜಾಗ ಬೇಕಾದರೆ ಮಿನ್ಶುಕು ಇದೆ. ಒಂದು ಕುಟುಂಬ ತಮ್ಮ ಮನೆಯಲ್ಲೇ ನಡೆಸುವಂಥದ್ದು. ಹಾಸಿಗೆ ನೀವೇ ಬಿಡಿಸಿಕೊಳ್ಳಬೇಕಾಗಬಹುದು, ಬಚ್ಚಲು ಎಲ್ಲರಿಗೂ ಒಂದೇ, ಊಟ ಮನೆಯೂಟ. ನಮ್ಮ ಮಲೆನಾಡಿನ ಹೋಮ್‌ಸ್ಟೇ ಕಂಡವರಿಗೆ ಇದು ಹೊಸದಲ್ಲ.

## ಸಸ್ಯಾಹಾರಿಗಳ ತೊಡಕು, ಮತ್ತು ದೇವಸ್ಥಾನದ ವಸತಿ

ರ್ಯೋಕಾನಿನ ಊಟದಲ್ಲಿ ಮೀನು ತೆಗೆದರೆ ಸಸ್ಯಾಹಾರ ಆಗಲ್ಲ. ಜಪಾನಿ ಅಡುಗೆಗೆ ತಳಪಾಯ ದಾಶಿ ಅನ್ನೋ ಕಷಾಯದಂಥ ತಿಳಿನೀರು. ಅದನ್ನು ಹೆಚ್ಚಾಗಿ ಒಣಗಿಸಿ ಹೊಗೆ ಹಾಕಿದ ಮೀನಿನ ತೆಳು ಹೆರಕಲಿನಿಂದ ಮಾಡುತ್ತಾರೆ. ಬರೀ ಬದನೆಕಾಯಿ ಬೇಯಿಸಿದ್ದು ಅನ್ನಿಸಿದರೂ ಬೆಂದಿರೋದು ಅದರಲ್ಲೇ. ಸೂಪಿನಲ್ಲೂ ಅದೇ. ಆದ್ದರಿಂದ "ನಾವು ವೆಜಿಟೇರಿಯನ್" ಅಂದರೆ ಸಾಲದು, ಮೀನಿನ ದಾಶಿಯೂ ಬೇಡ ಅಂತ ಬುಕ್ ಮಾಡುವಾಗಲೇ ಬಿಡಿಸಿ ಬರೆಯಬೇಕು. ಹೋದ ಮೇಲೆ ಹೇಳಿದರೆ ಅವರ ಕೈಯಲ್ಲೂ ಏನೂ ಆಗಲ್ಲ. ಕೆಲವು ರ್ಯೋಕಾನ್‌ನವರು "ನಮ್ಮಿಂದ ಆಗದು" ಅಂತ ನೇರವಾಗಿ ಉತ್ತರ ಬರೆಯುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ, ಅದು ಪ್ರಾಮಾಣಿಕ ಉತ್ತರ.

ಇಂಥವರಿಗೆ ಹೇಳಿ ಮಾಡಿಸಿದ್ದು ಶುಕುಬೋ, ಅಂದರೆ ಬೌದ್ಧ ದೇವಸ್ಥಾನದ ವಸತಿ. ಇದಕ್ಕೆ ಹೆಸರಾದ ಊರು ಒಸಾಕಾದ ದಕ್ಷಿಣಕ್ಕೆ ಬೆಟ್ಟದ ಮೇಲಿರುವ ಕೋಯಾಸಾನ್. ಕುಕಾಯಿ ಅನ್ನೋ ಗುರು 9ನೇ ಶತಮಾನದ ಆರಂಭದಲ್ಲಿ ಕಟ್ಟಿದ ಕ್ಷೇತ್ರ ಅದು. 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿ ಸುಮಾರು ಐವತ್ತು ದೇವಸ್ಥಾನಗಳು ಯಾತ್ರಿಕರಿಗೂ ಪ್ರವಾಸಿಗಳಿಗೂ ಕೋಣೆ ಕೊಡುತ್ತವೆ.

ಊಟ ಶೋಜಿನ್ ರ್ಯೋರಿ, ಅಂದರೆ ಭಿಕ್ಷುಗಳ ಅಡುಗೆ. ಮಾಂಸ ಇಲ್ಲ, ಮೀನಿಲ್ಲ. ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ! ದಾಶಿಯನ್ನು ಕಡಲ ಪಾಚಿ, ಒಣ ಅಣಬೆಯಿಂದ ಮಾಡುತ್ತಾರೆ. ಎಳ್ಳಿನಿಂದ ಮಾಡುವ ಮೆತ್ತನೆಯ ಗೋಮಾ ತೋಫು, ಸೋಯಾ ಪನೀರನ್ನು ಹೆಪ್ಪುಗಟ್ಟಿಸಿ ಒಣಗಿಸಿದ ಕೋಯಾ ತೋಫು ಅಲ್ಲಿನ ವಿಶೇಷ. ಅಣಬೆ ಬಿಡುವವರು, ಗೆಡ್ಡೆ ತರಕಾರಿ ಬಿಡುವ ಜೈನರು ಮಾತ್ರ ಬೇರೆಯಾಗಿ ಹೇಳಬೇಕಾಗುತ್ತದೆ. ಬೆಳಿಗ್ಗೆ 6ರ ಹೊತ್ತಿಗೆ ಪೂಜೆ, ನೀವೂ ಹೋಗಿ ಕೂರಬಹುದು. ಕೆಲವು ದೇವಸ್ಥಾನಗಳಲ್ಲಿ ಅಗ್ನಿಪೂಜೆಯೂ ಇದೆ, ನಮ್ಮ ಹೋಮವೇ ಬೌದ್ಧ ಧರ್ಮದ ಜೊತೆ ಅಲ್ಲಿಗೆ ಹೋಗಿ ನೆಲೆಸಿದ್ದು.

ಆದರೆ ಇದನ್ನು ನಮ್ಮ ಕ್ಷೇತ್ರಗಳ ಅಗ್ಗದ ಛತ್ರ ಅಂದುಕೊಳ್ಳಬೇಡಿ. ಊಟ ಸೇರಿ ಒಬ್ಬರಿಗೆ 12,000ದಿಂದ 20,000 ಯೆನ್ ಆಗುತ್ತದೆ. ಕೋಣೆಗಳ ನಡುವೆ ಕಾಗದದ ಜಾರುಬಾಗಿಲು ಇರುವ ಕಡೆ ಪಕ್ಕದವರ ಗೊರಕೆ ಕೇಳುತ್ತದೆ. ಬಚ್ಚಲು ಹೆಚ್ಚಾಗಿ ಎಲ್ಲರಿಗೂ ಒಂದೇ. ಊರು ಇರೋದು ಸುಮಾರು 800 ಮೀಟರ್ ಎತ್ತರದಲ್ಲಿ, ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಒಂದು ರಾತ್ರಿಗೆ ಚೆಂದ.

## ಮಿನ್ಪಾಕು: ಅಡುಗೆಮನೆ ಇರುವ ಮನೆ

ಯಾರದೋ ಮನೆ ಅಥವಾ ಫ್ಲ್ಯಾಟನ್ನು ಏರ್‌ಬಿಎನ್‌ಬಿಯಂಥ ಆ್ಯಪಿನಲ್ಲಿ ದಿನದ ಲೆಕ್ಕಕ್ಕೆ ಬಾಡಿಗೆಗೆ ಪಡೆಯೋದು ಮಿನ್ಪಾಕು. ನಾಲ್ಕೈದು ಜನ ಇದ್ದು, ವಾರಗಟ್ಟಲೆ ಹೊರಗಿನ ಊಟ ಆಗದು ಅನ್ನುವ ಮನೆಯವರಿಗೆ ಇದು ಲಾಭ. ಆದರೆ ಕಾನೂನು ಗೊತ್ತಿರಬೇಕು.

ಮೊದಲು ಇದಕ್ಕೆ ಸರಿಯಾದ ನಿಯಮ ಇರಲಿಲ್ಲ. ರಾತ್ರಿ ಗಲಾಟೆ, ಎಲ್ಲೆಂದರಲ್ಲಿ ಕಸ ಅಂತ ಅಕ್ಕಪಕ್ಕದವರ ದೂರು ಜಾಸ್ತಿ ಆಯಿತು. 2018ರ ಜೂನ್ 15ರಿಂದ ಹೊಸ ಕಾನೂನು ಬಂತು. ಮನೆ ಕೊಡುವವರು ಸರ್ಕಾರದಲ್ಲಿ ನೋಂದಾಯಿಸಬೇಕು, ವರ್ಷಕ್ಕೆ 180 ದಿನ ಮಾತ್ರ ಬಾಡಿಗೆಗೆ ಕೊಡಬಹುದು. ನೋಂದಣಿ ಇಲ್ಲದ ಸಾವಿರಾರು ಮನೆಗಳು ಆಗ ಒಮ್ಮೆಲೇ ಆ್ಯಪಿನಿಂದ ಮಾಯವಾದವು, ಬುಕ್ ಮಾಡಿಟ್ಟಿದ್ದವರು ಪರದಾಡಿದರು. ಊರುಗಳು ಇನ್ನೂ ಬಿಗಿ ನಿಯಮ ಮಾಡಬಹುದು. ಕ್ಯೋಟೋದಲ್ಲಿ ಬರೀ ವಾಸದ ಮನೆಗಳಿರುವ ಬಡಾವಣೆಗಳಲ್ಲಿ ಸಾಮಾನ್ಯವಾಗಿ ಜನವರಿ ಮಧ್ಯದಿಂದ ಮಾರ್ಚ್ ಮಧ್ಯದವರೆಗೆ ಮಾತ್ರ ಅವಕಾಶ. ಅಂದರೆ ಪ್ರವಾಸಿಗಳು ಕಡಿಮೆ ಇರುವ ಚಳಿ ತಿಂಗಳುಗಳಲ್ಲಿ!

ಹಾಗಾಗಿ ಬುಕ್ ಮಾಡುವ ಮುಂಚೆ ಮನೆಯ ವಿವರದಲ್ಲಿ ನೋಂದಣಿ ಅಥವಾ ಪರವಾನಗಿ ನಂಬರ್ ಇದೆಯಾ ನೋಡಿ. ಈ ಕಾನೂನಿನಡಿ ನೋಂದಾಯಿಸಿದ್ದರೆ ಅದು "ಎಂ" ಅಕ್ಷರದಿಂದ ಶುರುವಾಗುತ್ತದೆ. ಹೋಟೆಲ್ ಪರವಾನಗಿ ಪಡೆದ ಮನೆಗಳೂ ಇವೆ, ಅವಕ್ಕೆ 180 ದಿನದ ಮಿತಿ ಇಲ್ಲ, ನಂಬರೂ ಬೇರೆ ಬಗೆಯದು. ಯಾವ ನಂಬರೂ ಇಲ್ಲದಿದ್ದರೆ ಆ ಮನೆ ಬಿಟ್ಟುಬಿಡಿ.

ಅಡುಗೆಮನೆ ಅಂದ ಕೂಡಲೇ ಕುಕ್ಕರ್ ತುಂಬಿಕೊಳ್ಳುವ ಮುಂಚೆ ಇನ್ನೊಂದು ಮಾತು. ಜಪಾನಿನ ಮನೆಗಳಲ್ಲಿ ಕರೆಂಟು 100 ವೋಲ್ಟ್, ನಮ್ಮದು 230. ನಮ್ಮ ಎಲೆಕ್ಟ್ರಿಕ್ ರೈಸ್ ಕುಕ್ಕರ್, ಕೆಟಲ್ ಅಲ್ಲಿ ಸರಿಯಾಗಿ ಕಾಯಲ್ಲ. ಮೊಬೈಲ್ ಚಾರ್ಜರ್‌ಗೆ ತೊಂದರೆ ಇಲ್ಲ, ಎರಡು ಚಪ್ಪಟೆ ಕಡ್ಡಿಯ ಪ್ಲಗ್ ಒಂದು ಇದ್ದರೆ ಸಾಕು. ಒಲೆ ಹಲವು ಕಡೆ ಇಂಡಕ್ಷನ್, ಅಲ್ಯುಮಿನಿಯಂ ಕುಕ್ಕರ್ ಅದರ ಮೇಲೆ ನಡೆಯದಿರಬಹುದು. ಹಸಿ ಕರಿಬೇವು, ಹಣ್ಣು, ತರಕಾರಿ ಸಸ್ಯ ತಪಾಸಣೆಯ ಸರ್ಟಿಫಿಕೇಟ್ ಇಲ್ಲದೆ ದೇಶದೊಳಗೆ ಬಿಡಲ್ಲ. ಚಟ್ನಿಪುಡಿ, ಸಾರಿನಪುಡಿ ಸಾಕು. ಅಲ್ಲಿನ ಅಕ್ಕಿ ಅಂಟಂಟು, ಸಾರಿಗಿಂತ ಮೊಸರನ್ನಕ್ಕೆ ಚೆನ್ನಾಗಿ ಒಗ್ಗುತ್ತದೆ.

ಕಸವನ್ನು ಸುಡುವುದು, ಪ್ಲಾಸ್ಟಿಕ್, ಬಾಟಲಿ ಅಂತ ಬೇರ್ಪಡಿಸಬೇಕು. ರಾತ್ರಿ ಜೋರು ಮಾತು ಬೇಡ. ಕ್ಯೋಟೋದ ಹಳೆ ಮರದ ಮನೆಗಳಲ್ಲಿ ಮೆಟ್ಟಿಲು ತುಂಬಾ ಕಡಿದು. ಇಷ್ಟೆಲ್ಲ ತಾಪತ್ರಯ ಬೇಡ ಅನಿಸಿದರೆ ಅಪಾರ್ಟ್‌ಮೆಂಟ್ ಹೋಟೆಲ್ ಹುಡುಕಿ. ನಾಲ್ಕಾರು ಮಂಚ, ಪುಟ್ಟ ಅಡುಗೆಮನೆ, ಕೆಳಗೆ ರಿಸೆಪ್ಷನ್ ಎಲ್ಲ ಇರುತ್ತದೆ. ಮಿಮಾರು ಅನ್ನೋ ಸರಣಿ ಟೋಕಿಯೊ, ಕ್ಯೋಟೋ, ಒಸಾಕಾದಲ್ಲಿ ಹೀಗೆ ಕುಟುಂಬಗಳಿಗೆಂದೇ ಇದೆ.

## ಕ್ಯಾಪ್ಸೂಲ್ ಮತ್ತು ಉಳಿದವು

ಕ್ಯಾಪ್ಸೂಲ್ ಹೋಟೆಲ್ ಮೊದಲು ಬಂದಿದ್ದು 1979ರಲ್ಲಿ, ಒಸಾಕಾದಲ್ಲಿ. ಕಿಶೋ ಕುರೊಕಾವಾ ಅನ್ನೋ ವಾಸ್ತುಶಿಲ್ಪಿ ಅದನ್ನು ವಿನ್ಯಾಸ ಮಾಡಿದ. ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ, ಎತ್ತರವೂ ಹೆಚ್ಚುಕಡಿಮೆ ಅಷ್ಟೇ ಇರುವ ಗೂಡು. ಬೀಗ ಇರಲ್ಲ, ಪರದೆ ಎಳೆದುಕೊಳ್ಳಬೇಕು. ಗಂಡಸರ ಮಹಡಿ ಬೇರೆ, ಹೆಂಗಸರದು ಬೇರೆ, ಆದ್ದರಿಂದ ಗಂಡ ಹೆಂಡತಿ ಒಟ್ಟಿಗೆ ಇರೋಕೆ ಆಗಲ್ಲ. ಒಬ್ಬರೇ ಹೋಗುವವರಿಗೆ 3,000ದಿಂದ 6,000 ಯೆನ್‌ಗೆ ಒಂದು ರಾತ್ರಿ ಕಳೆಯಲು ಪರವಾಗಿಲ್ಲ. ಹಲವು ಕಡೆ ಎರಡು ರಾತ್ರಿ ಬುಕ್ ಮಾಡಿದ್ದರೂ ಮಧ್ಯಾಹ್ನ ಶುಚಿ ಮಾಡುವಾಗ ಹೊರಗೆ ಹೋಗಬೇಕು.

"ವಯಸ್ಕರಿಗೆ ಮಾತ್ರ" ಅಂತ ಬರೆದ, ಅಗ್ಗವಾಗಿದ್ದೂ ಕೋಣೆ ದೊಡ್ಡದಾಗಿರುವ ಹೋಟೆಲ್ ಆ್ಯಪಿನಲ್ಲಿ ಕಂಡರೆ, ಅದು ಜೋಡಿಗಳು ಗಂಟೆ ಲೆಕ್ಕದಲ್ಲೂ ತೆಗೆದುಕೊಳ್ಳುವ ಲವ್ ಹೋಟೆಲ್ ಇರಬಹುದು. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ನೋಡಿಕೊಳ್ಳಿ.

## ಬಿಲ್ಲಿನ ಮೇಲೆ ಬರುವ ತೆರಿಗೆ

ಆ್ಯಪಿನಲ್ಲಿ ಕಟ್ಟಿದ ಮೇಲೂ ಕೆಲವು ಕಡೆ ರಿಸೆಪ್ಷನ್‌ನಲ್ಲಿ ಚಿಲ್ಲರೆ ದುಡ್ಡು ಕೇಳುತ್ತಾರೆ. ಅದು ಮೋಸ ಅಲ್ಲ. ಬಿಸಿನೀರ ಬುಗ್ಗೆ ಇರುವ ಊರಲ್ಲಿ ಸ್ನಾನದ ತೆರಿಗೆ ಒಬ್ಬರಿಗೆ ಸಾಮಾನ್ಯವಾಗಿ 150 ಯೆನ್. ಇದಲ್ಲದೆ ಊರು ಹಾಕುವ ವಸತಿ ತೆರಿಗೆ ಬೇರೆ. ಕ್ಯೋಟೋದಲ್ಲಿ 2026ರ ಮಾರ್ಚ್‌ನಿಂದ ಇದು ಜೋರಾಗಿದೆ. ಒಬ್ಬರಿಗೆ ಒಂದು ರಾತ್ರಿಯ ಬಾಡಿಗೆ 6,000 ಯೆನ್ ಒಳಗಿದ್ದರೆ 200, ಅಲ್ಲಿಂದ 20,000ದ ಒಳಗೆ 400, 50,000ದ ಒಳಗೆ 1,000, ಒಂದು ಲಕ್ಷದ ಒಳಗೆ 4,000, ಅದಕ್ಕೂ ಮೇಲೆ 10,000. ನಮ್ಮಂಥವರಿಗೆ ತಗಲೋದು ಹೆಚ್ಚಾಗಿ ಮೊದಲ ಎರಡು.

## ಹೇಗೆ ಜೋಡಿಸಿಕೊಳ್ಳೋದು

ಇಡೀ ಪ್ರವಾಸಕ್ಕೆ ಒಂದೇ ಬಗೆ ಬೇಕಾಗಿಲ್ಲ. ಅಪ್ಪ, ಅಮ್ಮ, ಇಬ್ಬರು ಮಕ್ಕಳ ಸಸ್ಯಾಹಾರಿ ಮನೆ ಅಂದುಕೊಳ್ಳಿ. ಟೋಕಿಯೊ ಮತ್ತು ಕ್ಯೋಟೋದಲ್ಲಿ ಅಪಾರ್ಟ್‌ಮೆಂಟ್ ಹೋಟೆಲ್, ಮಧ್ಯೆ ಒಂದೇ ಒಂದು ರಾತ್ರಿ ಕೋಯಾಸಾನ್‌ನಲ್ಲಿ ಶುಕುಬೋ. ಮೀನು ತಿನ್ನುವ ಮನೆಯಾದರೆ ಶುಕುಬೋ ಬದಲು ಹಾಕೊನೆಯ ರ್ಯೋಕಾನ್, ಟೋಕಿಯೊದಿಂದ ಒಂದೂವರೆ ಗಂಟೆ ಅಷ್ಟೆ. ಇಬ್ಬರೇ ಆದರೆ ನಗರಗಳಲ್ಲಿ ಬಿಸಿನೆಸ್ ಹೋಟೆಲ್ ಸಾಕು. ಉಳಿಸಿದ ದುಡ್ಡನ್ನು ಆ ಒಂದು ರಾತ್ರಿಗೆ ಹಾಕಿ.

ದಿನಾಂಕವೂ ಮುಖ್ಯ. ನಮ್ಮ ಮಕ್ಕಳ ಬೇಸಿಗೆ ರಜೆ ಏಪ್ರಿಲ್, ಮೇನಲ್ಲಿ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ಜಪಾನಿನಲ್ಲೂ ಸಾಲು ರಜೆ, ಅದನ್ನು ಗೋಲ್ಡನ್ ವೀಕ್ ಅನ್ನುತ್ತಾರೆ. ಇಡೀ ದೇಶ ಊರು ಬಿಟ್ಟು ಹೊರಟಿರುತ್ತದೆ, ರೂಮಿನ ಬೆಲೆ ಎರಡು ಪಟ್ಟಾದರೂ ಆಶ್ಚರ್ಯ ಇಲ್ಲ. ಮೇ ಎರಡನೇ ವಾರಕ್ಕೆ ತಳ್ಳಿದರೆ ಬಹಳ ಉಳಿಯುತ್ತದೆ. ವೀಸಾ ಕೈಗೆ ಬರುವವರೆಗೆ, ದುಡ್ಡು ವಾಪಸ್ ಕೊಡುವ ಬುಕಿಂಗನ್ನೇ ಮಾಡಿ, ಯಾವ ದಿನದವರೆಗೆ ರದ್ದು ಮಾಡಬಹುದು ಅಂತ ಬರೆದಿಟ್ಟುಕೊಳ್ಳಿ.

ಇನ್ನು ಲಗೇಜು. ಟೋಕಿಯೊ, ಕ್ಯೋಟೋ ನಡುವಿನ ಬುಲೆಟ್ ರೈಲಿನಲ್ಲಿ ಉದ್ದ, ಅಗಲ, ಎತ್ತರ ಕೂಡಿಸಿ 160 ಸೆಂಟಿಮೀಟರ್ ಮೀರುವ ಪೆಟ್ಟಿಗೆಗೆ ಮೊದಲೇ ಜಾಗ ಕಾದಿರಿಸಬೇಕು. ಕೋಯಾಸಾನ್‌ಗೆ ಹೋಗಲು ರೈಲು, ಕೇಬಲ್ ಕಾರ್, ಬಸ್ ಮೂರೂ ಹತ್ತಿ ಇಳಿಯಬೇಕು. ಆ ಕಷ್ಟ ಬೇಡ ಅಂತಲೇ ಜಪಾನಿನವರು ತಕ್ಕ್ಯೂಬಿನ್ ಅನ್ನೋ ಸೇವೆ ಬಳಸುತ್ತಾರೆ. ಟೋಕಿಯೊ ಹೋಟೆಲಿನ ರಿಸೆಪ್ಷನ್‌ನಲ್ಲಿ ಪೆಟ್ಟಿಗೆ ಕೊಟ್ಟು, ಕ್ಯೋಟೋ ಹೋಟೆಲಿನ ವಿಳಾಸ, ನೀವು ಅಲ್ಲಿಗೆ ಹೋಗುವ ದಿನ ಬರೆದುಕೊಟ್ಟರೆ ಸಾಮಾನ್ಯವಾಗಿ ಮರುದಿನವೇ ತಲುಪುತ್ತದೆ. ನೀವು ಬರುವವರೆಗೆ ಹೋಟೆಲಿನವರು ಇಟ್ಟುಕೊಂಡಿರುತ್ತಾರೆ. ಮಿನ್ಪಾಕು ಆದರೆ ಪೆಟ್ಟಿಗೆ ತೆಗೆದುಕೊಳ್ಳಲು ಅಲ್ಲಿ ಯಾರೂ ಇರಲ್ಲ. ಹಾಗಾಗಿ ಶುಕುಬೋ ಅಥವಾ ರ್ಯೋಕಾನ್ ಆದ ಮೇಲೆ ಹೋಗುವ ಊರಿಗೆ ರಿಸೆಪ್ಷನ್ ಇರುವ ಹೋಟೆಲನ್ನೇ ಹಾಕಿಕೊಳ್ಳಿ, ಒಂದು ಸಣ್ಣ ಬ್ಯಾಗಿನಲ್ಲಿ ಬೆಟ್ಟಕ್ಕೆ ಹೋಗಿ ಬರಬಹುದು.